ಜೆಟ್ ಯುದ್ಧವಿಮಾನದ ಕಿರುಮಾದರಿಗಳು: ಬಣ್ಣಗಾರಿಕೆ ಮತ್ತು ವೆದರಿಂಗ್

ಜೆಟ್ ಯುದ್ಧವಿಮಾನಗಳನ್ನು ಗೊತ್ತಾದ ಅನುಪಾತದಲ್ಲಿ ಕುಗ್ಗಿಸಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದ ಕಿಟ್‌ಗಳನ್ನು ಜೋಡಿಸಿ, ಅವುಗಳ ಮೇಲೆ ಮೂಲ ವಿಮಾನದ ಬಣ್ಣ, ಗುರುತು ಮತ್ತು ಬಳಕೆಯ ಕಲೆಗಳನ್ನು ಮೂಡಿಸುವ ಹವ್ಯಾಸಿ ಕುಶಲಕಲೆ. ಕೆಲಸ ಎರಡು ಹಂತದ್ದು. ಕಾರ್ಖಾನೆಯಿಂದ ಹೊರಬಿದ್ದ ದಿನ ವಿಮಾನ ಹೇಗಿತ್ತೋ ಹಾಗೆ ಬಣ್ಣ ಹಚ್ಚುವುದು ಮೊದಲನೆಯದು. ಬಿಸಿಲು, ಮಳೆ, ಉಪ್ಪುಗಾಳಿ, ಇಂಧನ, ಹೊಗೆ, ಮೆಕ್ಯಾನಿಕ್‌ಗಳ ಬೂಟುಗಾಲು ಇವೆಲ್ಲಕ್ಕೂ ಮೈಯೊಡ್ಡಿ ಅದು ಆಮೇಲೆ ಹೇಗಾಯಿತು ಎಂದು ತೋರಿಸುವುದು ಎರಡನೆಯದು. ಈ ಎರಡನೆಯ ಹಂತಕ್ಕೆ ಹವ್ಯಾಸಿಗಳ ನಡುವೆ ವೆದರಿಂಗ್ ಎಂಬ ಹೆಸರೇ ರೂಢಿ.

ಆ ಒಂದು ಪದದ ಹೊಟ್ಟೆಯಲ್ಲಿ ಕನ್ನಡದ ಏಳೆಂಟು ಪದಗಳಿವೆ. ಬಟ್ಟೆ ಮಾಸುತ್ತದೆ, ಬಣ್ಣ ಕಂದುತ್ತದೆ, ಮೆಟ್ಟಿಲು ಸವೆಯುತ್ತದೆ; ಒಲೆಯ ಮೇಲಿನ ಗೋಡೆಗೆ ಮಸಿ ಹಿಡಿಯುತ್ತದೆ, ಬಾಣಲೆಗೆ ಜಿಡ್ಡು ಕಟ್ಟುತ್ತದೆ; ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಕಿಲುಬು. ಒಂದು ಪದದ ಜಾಗದಲ್ಲಿ ಇನ್ನೊಂದನ್ನು ಹಾಕಲು ಬರುವುದಿಲ್ಲ, ಏಕೆಂದರೆ ಒಂದೊಂದಕ್ಕೂ ಬೇರೆ ಕಾರಣ, ಬೇರೆ ಜಾಗ. ವಿಮಾನದ ಮೈಮೇಲೂ ಹಾಗೆಯೇ. ಮಸಿ ಎಲ್ಲಿ, ಜಿಡ್ಡು ಎಲ್ಲಿ, ಬರೀ ಕಂದಿದ ಬಣ್ಣ ಎಲ್ಲಿ ಎಂದು ಬಿಡಿಸಿ ತೋರಿಸಬಲ್ಲವರ ಮಾದರಿ ನಿಜವಾದ ವಿಮಾನದಂತೆ ಕಾಣುತ್ತದೆ. ಎಲ್ಲವನ್ನೂ ಕಂದುಬಣ್ಣದ ಒಂದೇ ರಾಡಿಯಾಗಿ ಬಳಿದರೆ ಕೈಗೆ ಸಿಗುವುದು ತೊಳೆಯದ ಆಟಿಕೆ.

ಹಿನ್ನೆಲೆ

1:72 ಅನುಪಾತದ ಮೂಲ ಬ್ರಿಟಿಷ್ ಅಳತೆಯಲ್ಲಿದೆ: ಆರು ಅಡಿ ಕುಗ್ಗಿ ಒಂದು ಅಂಗುಲವಾಗುತ್ತದೆ, ಎತ್ತರದ ಆಳೊಬ್ಬ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟಾಗುತ್ತಾನೆ. 1930ರ ದಶಕದಲ್ಲಿ ಬ್ರಿಟನ್ನಿನ ಸ್ಕೈಬರ್ಡ್ಸ್ ಮರದ ಕಿಟ್‌ಗಳು ಈ ಅಳತೆಯನ್ನು ಚಾಲ್ತಿಗೆ ತಂದವು. 1936ರಲ್ಲಿ ಬಂದ ಫ್ರಾಗ್ ಕಂಪನಿಯ ಪೆಂಗ್ವಿನ್ ಸರಣಿ ಅದನ್ನೇ ಸೆಲ್ಯುಲೋಸ್ ಅಸಿಟೇಟ್ ಪ್ಲಾಸ್ಟಿಕ್ಕಿಗೆ ಇಳಿಸಿತು. ಎರಡನೇ ಮಹಾಯುದ್ಧ ಈ ಮಾದರಿಗಳಿಗೆ ಬೇರೆಯೇ ಕೆಲಸ ಹಚ್ಚಿತು. ಆಕಾಶದಲ್ಲಿ ಕಂಡ ವಿಮಾನ ನಮ್ಮದೋ ಶತ್ರುವಿನದೋ ಎಂದು ಗುರುತಿಸಲು ಸೈನಿಕರಿಗೆ ತರಬೇತಿ ಬೇಕಿತ್ತು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾಮಕ್ಕಳಿಂದ 1:72 ಅಳತೆಯ ಐದು ಲಕ್ಷ ಮರದ ಮಾದರಿಗಳನ್ನು ಮಾಡಿಸಲು ಹೊರಟಿತು. ಅವಕ್ಕೆ ಬಳಿದದ್ದು ಕಪ್ಪು ಬಣ್ಣ ಮಾತ್ರ. ಆಕಾರ ಗೊತ್ತಾದರೆ ಸಾಕಿತ್ತು, ಮೈಬಣ್ಣ ಯಾರಿಗೂ ಬೇಕಿರಲಿಲ್ಲ.

ಯುದ್ಧಾನಂತರ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕು ಮತ್ತು ಇಂಜೆಕ್ಷನ್ ಅಚ್ಚಿನ ತಂತ್ರ ಕಿಟ್‌ಗಳನ್ನು ಅಗ್ಗವಾಗಿಸಿದವು. ಏರ್‌ಫಿಕ್ಸ್ 1953ರಲ್ಲಿ ತನ್ನ ಮೊದಲ ವಿಮಾನದ ಕಿಟ್ ಸ್ಪಿಟ್‌ಫೈರ್ ಅನ್ನು ಎರಡು ಶಿಲ್ಲಿಂಗಿಗೆ ಮಾರಿತು. ಜಪಾನಿನ ಶಿಜುವೊಕಾ ನಗರ ಮರಗೆಲಸದ ಊರು. ಅಲ್ಲಿಯ ಹಸೆಗಾವಾ ಮತ್ತು ತಮಿಯಾ ಕಂಪನಿಗಳು ಮರವನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಹೊರಳಿ ಮುಂದೆ ಜಗತ್ತಿನಾದ್ಯಂತ ಹೆಸರು ಮಾಡಿದವು. 1963ರಲ್ಲಿ ಬ್ರಿಟನ್ನಿನಲ್ಲಿ ಪ್ಲಾಸ್ಟಿಕ್ ಮಾಡೆಲರ್‌ಗಳ ಅಂತರರಾಷ್ಟ್ರೀಯ ಸಂಘ (ಐಪಿಎಂಎಸ್) ಹುಟ್ಟಿತು. ಆ ಕಾಲದವರ ಸಲಕರಣೆ ಎಂದರೆ ಹಂಬ್ರಾಲ್‌ನ ಪುಟ್ಟ ಡಬ್ಬಿಯ ಎನಾಮೆಲ್ ಬಣ್ಣ, ಒಂದು ಕುಂಚ, ಒಂದು ಸೀಸೆ ಟರ್ಪೆಂಟೈನ್, ಅಷ್ಟೆ.

ವೆದರಿಂಗ್ ಶಾಸ್ತ್ರ ಬಂದದ್ದು ವಿಮಾನದ ಕಡೆಯಿಂದಲ್ಲ, ಟ್ಯಾಂಕಿನ ಕಡೆಯಿಂದ. 1970ರ ದಶಕದಲ್ಲಿ ಅಮೆರಿಕದ ಶೆಪರ್ಡ್ ಪೇನ್ ಮೊನೊಗ್ರಾಮ್ ಕಂಪನಿಯ ಕಿಟ್‌ಗಳ ಜೊತೆಗೆ ಬರುತ್ತಿದ್ದ ಕರಪತ್ರಗಳಲ್ಲಿ ಮಾದರಿಯನ್ನು ಬಳಸಿದ ವಸ್ತುವಿನಂತೆ ತೋರಿಸುವುದು ಹೇಗೆಂದು ಹೇಳಿಕೊಟ್ಟರು. ಬೆಲ್ಜಿಯಮ್ಮಿನ ಫ್ರಾಂಸ್ವಾ ವೆರ್ಲಿಂಡೆನ್ ಗಾಢ ಬಣ್ಣದ ತೆಳುನೀರು ಹರಿಸುವುದನ್ನೂ ಒಣಕುಂಚದಿಂದ ಅಂಚು ಎತ್ತಿ ತೋರಿಸುವುದನ್ನೂ ಜನಪ್ರಿಯಗೊಳಿಸಿದರು. ಈ ಶತಮಾನದಲ್ಲಿ ಸ್ಪೇನಿನ ಮಿಗ್ ಹಿಮೆನೆಸ್ ಮತ್ತವರ ಓರಗೆಯವರು ತೈಲವರ್ಣ, ಪುಡಿಬಣ್ಣ, ಬಾಟಲಿಯಲ್ಲೇ ಸಿದ್ಧವಾಗಿ ಸಿಗುವ ಕೊಳೆ ಇವನ್ನೆಲ್ಲ ಒಂದು ಉದ್ಯಮವನ್ನಾಗಿಯೇ ಬೆಳೆಸಿದರು. ಜೆಟ್ ಕಟ್ಟುವವರು ಈ ಪಾಠಗಳನ್ನು ಎರವಲು ತಂದರು. ಎರವಲಿನ ಜೊತೆ ತಪ್ಪೂ ಬಂತು. ಕೆಸರಿನಲ್ಲಿ ಹೊರಳುವ ಉಕ್ಕಿನ ಟ್ಯಾಂಕಿಗೆ ಒಪ್ಪುವ ಒರಟುತನ, ಪ್ರತಿ ಹಾರಾಟದ ಮುಂಚೆಯೂ ಹತ್ತಾರು ಕಣ್ಣುಗಳ ತಪಾಸಣೆಗೆ ಒಳಗಾಗುವ ಅಲ್ಯೂಮಿನಿಯಂ ಜೆಟ್ಟಿಗೆ ಒಪ್ಪುವುದಿಲ್ಲ.

ಅಳತೆ ಮತ್ತು ಬಣ್ಣದ ಲೆಕ್ಕ

ಜೆಟ್‌ಗಳಿಗೆ ಹೆಚ್ಚು ಬಳಕೆಯಲ್ಲಿರುವ ಅಳತೆಗಳು 1:72, 1:48 ಮತ್ತು 1:32. ಜಾಗ ಕಡಿಮೆ ಇರುವವರಿಗೆ 1:144. ಉದ್ದ 13.2 ಮೀಟರಿನ ತೇಜಸ್ 1:72ರಲ್ಲಿ 18 ಸೆಂಟಿಮೀಟರ್ ಚಿಲ್ಲರೆ ಆಗುತ್ತದೆ, 1:48ರಲ್ಲಿ ಇಪ್ಪತ್ತೇಳೂವರೆ. ಸುಮಾರು 22 ಮೀಟರಿನ ಸುಖೋಯ್-30 ಅನ್ನು 1:48ರಲ್ಲಿ ಕಟ್ಟಿದರೆ ಮೊಳದುದ್ದದ ವಿಮಾನ ಶೋಕೇಸಿಗೆ ಹಿಡಿಸುವುದಿಲ್ಲ ಎಂಬ ಮನೆಯ ಜಗಳ ಈ ಹವ್ಯಾಸದಷ್ಟೇ ಹಳೆಯದು.

ಬಣ್ಣಕ್ಕೆ ಆಧಾರ ಸರ್ಕಾರಿ ಪಟ್ಟಿಗಳು. ಅಮೆರಿಕದ ಫೆಡರಲ್ ಸ್ಟ್ಯಾಂಡರ್ಡ್ 595 ಎಂಬ ಪಟ್ಟಿ 1956ರಲ್ಲಿ ಬಂತು. 2017ರಲ್ಲಿ ಅದರ ಜಾಗಕ್ಕೆ ಎಎಂಎಸ್-ಎಸ್‌ಟಿಡಿ-595 ಬಂದರೂ ಹಳೆಯ ಐದಂಕಿಯ ಸಂಖ್ಯೆಗಳೇ ಮಾಡೆಲರ್‌ಗಳ ಬಾಯಲ್ಲಿ ಉಳಿದಿವೆ. ಮೊದಲ ಅಂಕಿ ಹೊಳಪಿನದು: 1 ಎಂದರೆ ಹೊಳಪು, 2 ಅರೆಹೊಳಪು, 3 ಮಂಕು. ಎರಡನೆಯದು ಬಣ್ಣದ ಕುಲ. 6 ಎಂದರೆ ಬೂದು. ಹೀಗಾಗಿ 36375 ಎಂದೊಡನೆ ಮಂಕಾದ ತಿಳಿಬೂದು ಎಂದು ತಿಳಿದವರಿಗೆ ಹೊಳೆಯುತ್ತದೆ. ಎಫ್-16ಕ್ಕೆ ಮೂರು ಬೂದು: 36118, 36270, 36375. ಎಫ್/ಎ-18ಕ್ಕೆ ಎರಡು: ಮೇಲೆ 36320, ಕೆಳಗೆ 36375. ವಿಯೆಟ್ನಾಂ ಯುದ್ಧಕಾಲದ ಅಮೆರಿಕನ್ ವಾಯುಪಡೆಯ ಜೆಟ್‌ಗಳಿಗೆ ಎರಡು ಹಸಿರು (34079, 34102), ಒಂದು ಕಂದು (30219), ಹೊಟ್ಟೆಗೆ ತಿಳಿಬೂದು (36622). ಬ್ರಿಟನ್ನಿಗೆ ಬಿಎಸ್ 381ಸಿ ಎಂಬ ಬೇರೆ ಪಟ್ಟಿ, ಜರ್ಮನಿಗೆ ರಾಲ್. ಈ ಅಂಕಿಗಳನ್ನು ಬಾಯಿಪಾಠ ಒಪ್ಪಿಸುವವರನ್ನು ಕಂಡರೆ ಹೊರಗಿನವರಿಗೆ ವಿಚಿತ್ರವೆನಿಸುತ್ತದೆ. ಆದರೆ ಬೂದಿನಲ್ಲಿ ಇಷ್ಟು ಬಗೆಗಳಿವೆ ಎಂದು ಒಮ್ಮೆ ಕಣ್ಣಿಗೆ ತಿಳಿದ ಮೇಲೆ ಅದನ್ನು ಮರೆಯುವುದು ಕಷ್ಟ.

ಸರಿಯಾದ ಬಣ್ಣವನ್ನೇ ಹಚ್ಚಿದರೂ ಮಾದರಿ ಕಪ್ಪಾಗಿ ಕಾಣುವುದುಂಟು. 1:72ರ ಮಾದರಿಯನ್ನು 30 ಸೆಂಟಿಮೀಟರ್ ದೂರದಿಂದ ನೋಡುವುದೆಂದರೆ ನಿಜ ವಿಮಾನವನ್ನು 21.6 ಮೀಟರಿನಿಂದ ನೋಡಿದಂತೆ. ದೂರ ಹೆಚ್ಚಿದಂತೆ ನಡುವಿನ ಗಾಳಿಯಲ್ಲಿ ಬೆಳಕು ಚದುರಿ ಬಣ್ಣ ತಿಳಿಯಾಗುತ್ತದೆ. ಆಗುಂಬೆಯ ದೂರದ ಬೆಟ್ಟಗಳು ನೀಲಿಗಟ್ಟುವುದಕ್ಕೂ ಇದೇ ಕಾರಣ. ಅದಕ್ಕೇ ಚಿಕ್ಕ ಅಳತೆಯ ಮಾದರಿಗೆ ಬಣ್ಣದಲ್ಲಿ ಕೊಂಚ ಬಿಳಿ ಬೆರೆಸುವ ರೂಢಿಯಿದೆ. ಇಪ್ಪತ್ತು ಮೀಟರಿನಲ್ಲಿ ಗಾಳಿ ಅಷ್ಟು ಕೆಲಸ ಮಾಡೀತೇ ಎಂದು ಕೇಳುವವರೂ ಇದ್ದಾರೆ, ಕೇಳುವುದು ನ್ಯಾಯವೇ. ಆದರೂ ತಿಳಿ ಮಾಡಿದ ಮಾದರಿ ಕೋಣೆಯ ಮಂದ ಬೆಳಕಿನಲ್ಲಿ ಬಯಲ ಬಿಸಿಲಿನ ವಿಮಾನದಂತೆ ಕಾಣುತ್ತದೆ ಎಂಬುದು ಮಾಡಿ ನೋಡಿದವರ ಅನುಭವ.

ಬಣ್ಣದ ಪದರಗಳು

ಮೊದಲು ಜೋಡಣೆಯ ಬಿರುಕುಗಳಿಗೆ ಪುಟ್ಟಿ ತುಂಬಿ, ಉಪ್ಪುಕಾಗದದಿಂದ ಉಜ್ಜಿ, ಮೈಯನ್ನು ಸಾಬೂನು ನೀರಿನಲ್ಲಿ ತೊಳೆದು, ಪ್ರೈಮರ್ ಹೊಡೆಯುತ್ತಾರೆ. ಪ್ರೈಮರ್ ಬಣ್ಣಕ್ಕೆ ಹಿಡಿತ ಕೊಡುತ್ತದೆ. ಪುಟ್ಟಿ ಎಲ್ಲಿ ಸರಿಯಾಗಿ ಕೂತಿಲ್ಲ ಎಂಬ ಚಾಡಿಯನ್ನೂ ಅದೇ ಹೇಳುತ್ತದೆ. ಆಮೇಲಿನದು ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ ಕೆಲಸ. ಜೆಟ್ ಮಾದರಿಗೆ 0.2ರಿಂದ 0.3 ಮಿಲಿಮೀಟರ್ ನಾಜಲ್, 15ರಿಂದ 20 ಪಿಎಸ್‌ಐ ಗಾಳಿಯ ಒತ್ತಡ, ಹಾಲಿನಷ್ಟು ತೆಳುವಾದ ಬಣ್ಣ ಸಾಮಾನ್ಯ ಪಾಠ. ಬಣ್ಣ ಮಜ್ಜಿಗೆಯ ಹದಕ್ಕಿದ್ದರೆ ಪಿಚಕಾರಿಯಂತೆ ಉಗುಳುತ್ತದೆ, ನೀರಾಗಿದ್ದರೆ ಜೇಡನ ಕಾಲಿನಂತೆ ಹರಡುತ್ತದೆ.

ಯಾವ ಬಣ್ಣದ ಮೇಲೆ ಯಾವುದು ಎಂಬುದರಲ್ಲಿ ರಸಾಯನಶಾಸ್ತ್ರವಿದೆ. ಮಿಸ್ಟರ್ ಕಲರ್‌ನಂಥ ಲ್ಯಾಕರ್‌ಗಳ ತಿನ್ನರ್ ಎಲ್ಲಕ್ಕಿಂತ ಖಾರ, ಕೆಳಗಿನ ಪದರವನ್ನು ಕರಗಿಸಿಬಿಡಬಲ್ಲದು; ತಮಿಯಾದ ಆಲ್ಕೋಹಾಲ್ ಆಧಾರಿತ ಅಕ್ರಿಲಿಕ್, ವಲ್ಲೆಹೊದ ನೀರಿನ ಅಕ್ರಿಲಿಕ್ ಸೌಮ್ಯ; ಎನಾಮೆಲ್ ಮತ್ತು ತೈಲವರ್ಣ ಟರ್ಪೆಂಟೈನಿಗೆ ಕರಗುತ್ತವೆ. ಆದ್ದರಿಂದ ಅಡಿಯಲ್ಲಿ ಲ್ಯಾಕರ್ ಅಥವಾ ಅಕ್ರಿಲಿಕ್, ಅದರ ಮೇಲೆ ಹೊಳಪಿನ ವಾರ್ನಿಶ್, ಅದರ ಮೇಲೆ ಎನಾಮೆಲ್ ಅಥವಾ ತೈಲದ ಕೊಳೆ. ಹೀಗಿದ್ದರೆ ಕೊಳೆ ತಪ್ಪಿದಾಗ ಟರ್ಪೆಂಟೈನಿನಲ್ಲಿ ಒರೆಸಿದರೂ ಕೆಳಗಿನ ಬಣ್ಣ ಅಲುಗುವುದಿಲ್ಲ. ಇಡೀ ವೆದರಿಂಗ್ ನಿಂತಿರುವುದು ತಪ್ಪನ್ನು ಒರೆಸಲು ಬರುವ ಈ ಅನುಕೂಲದ ಮೇಲೆ.

ಮಳೆಗಾಲದಲ್ಲಿ ಲ್ಯಾಕರ್ ಹೊಡೆದವರಿಗೆ ಇನ್ನೊಂದು ಪಾಠವೂ ಗೊತ್ತು. ತಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಹಾಲುಗಟ್ಟಿದಂತೆ ಬೆಳ್ಳಗಾಗುತ್ತದೆ. ಮಂಗಳೂರಿನ ಆಷಾಢದಲ್ಲಿ ಇದು ಬೇಡದ ಅತಿಥಿ. ಕಂಪ್ರೆಸರಿನ ಕೊಳವೆಗೆ ನೀರು ಹಿಡಿಯುವ ಬಟ್ಟಲು ಸಿಕ್ಕಿಸಿ, ತಡವಾಗಿ ಆರುವ ತಿನ್ನರ್ ಬಳಸಿದರೆ ಅರ್ಧ ತೊಂದರೆ ನೀಗುತ್ತದೆ. ಲ್ಯಾಕರಿನ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಮುಖಕ್ಕೆ ಸರಿಯಾದ ಮಾಸ್ಕು, ಕೋಣೆಗೆ ಗಾಳಿಯಾಟ ಎರಡೂ ಬೇಕು.

ಮರೆಬಣ್ಣದ ಅಂಚುಗಳಲ್ಲೂ ದೇಶಕ್ಕೊಂದು ಪದ್ಧತಿ. ವಿಯೆಟ್ನಾಂ ಕಾಲದ ಫ್ಯಾಂಟಮ್‌ಗಳ ಬಣ್ಣಗಳು ಒಂದರೊಳಗೊಂದು ಮೆಲ್ಲಗೆ ಬೆರೆತಿವೆ. ನಿಜ ವಿಮಾನದಲ್ಲಿ ಆ ಬೆರಕೆ ಐದು ಸೆಂಟಿಮೀಟರ್ ಇದ್ದರೆ 1:72ರಲ್ಲಿ ಅದು ಬರೀ 0.7 ಮಿಲಿಮೀಟರ್. ಇದಕ್ಕೆ ಬ್ಲೂ ಟ್ಯಾಕ್ ಮೇಣವನ್ನು ಕೋಡುಬಳೆಗೆ ಹೊಸೆದಂತೆ ಸಣ್ಣಗೆ ಹೊಸೆದು ಬಣ್ಣದ ಗಡಿಯುದ್ದಕ್ಕೂ ಅಂಟಿಸಿ, ಬಣ್ಣ ಅದರ ಅಡಿಗೆ ತುಸುವೇ ನುಸುಳುವಂತೆ ನೇರ ಮೇಲಿನಿಂದ ಹೊಡೆಯುತ್ತಾರೆ. ಸ್ವೀಡನ್ನಿನ ವಿಗ್ಗೆನ್ ಇದಕ್ಕೆ ತದ್ವಿರುದ್ಧ: ನಾಲ್ಕು ಬಣ್ಣಗಳ ಚೂಪುಮೂಲೆಯ ಚೂರುಗಳು, ಎಲ್ಲ ಅಂಚೂ ಬ್ಲೇಡಿನಿಂದ ಕೊಯ್ದಂತೆ. ಅದರ ಮರೆಪಟ್ಟಿ ಅಂಟಿಸುವುದರಲ್ಲೇ ವಾರಗಟ್ಟಲೆ ಕಳೆದವರಿದ್ದಾರೆ.

ಬಣ್ಣವಿಲ್ಲದ ವಿಮಾನಕ್ಕೆ ಬಣ್ಣ ಹಚ್ಚುವುದು ಇನ್ನೂ ಕಷ್ಟ. ಸೇಬರ್, ಸ್ಟಾರ್‌ಫೈಟರ್, ಲೈಟ್ನಿಂಗ್, ಮೊದಮೊದಲ ಮಿಗ್‌ಗಳು ಬರಿಲೋಹದಲ್ಲೇ ಹಾರಿದವು. ಹೊಳೆಯುವ ಕಪ್ಪಿನ ಮೇಲೆ ಆಲ್‌ಕ್ಲಾಡ್‌ನಂಥ ಅತಿ ಸಣ್ಣ ಕಣದ ಲೋಹಬಣ್ಣವನ್ನು ತೆಳ್ಳಗೆ ಹೊಡೆಯುವುದು ಈಗಿನ ಮಾರ್ಗ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಗೆ ಅಂಟು ಸವರಿ ಫಲಕ ಫಲಕವಾಗಿ ಮೆತ್ತುವುದು ಹಳೆಯ ಮಾರ್ಗ, ಇವತ್ತಿಗೂ ಸೋತಿಲ್ಲ. ಒಂದೊಂದು ಲೋಹಫಲಕ ಒಂದೊಂದು ದಿಕ್ಕಿಗೆ ಬೆಳಕು ಚೆಲ್ಲುವುದು ಹಾಳೆಯಲ್ಲಿ ತಾನಾಗಿಯೇ ಬರುತ್ತದೆ, ಬಣ್ಣದಲ್ಲಿ ಅದನ್ನು ನಟಿಸಬೇಕು.

ಡಿಕಾಲ್ ಮತ್ತು ಪ್ಯಾನೆಲ್ ಗೆರೆ

ವಾಯುಪಡೆಯ ಚಕ್ರ, ಸಂಖ್ಯೆ, ಎಚ್ಚರಿಕೆಯ ಬರಹ ಎಲ್ಲವೂ ನೀರಿನಲ್ಲಿ ನೆನೆಸಿ ಜಾರಿಸುವ ಡಿಕಾಲ್‌ಗಳು. ಮಂಕು ಬಣ್ಣದ ಮೈ ಸೂಕ್ಷ್ಮವಾಗಿ ಒರಟು. ಅದರ ಮೇಲೆ ಡಿಕಾಲ್ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಅದಕ್ಕೇ ಮೊದಲು ಹೊಳಪಿನ ವಾರ್ನಿಶ್, ಆಮೇಲೆ ಡಿಕಾಲ್, ಅದನ್ನು ಮೆದುವಾಗಿಸಿ ಗೆರೆಗಳೊಳಗೆ ಇಳಿಸುವ ದ್ರಾವಣ, ಮತ್ತೆ ವಾರ್ನಿಶ್.

ಆ ಮೇಲೆ ಬರುವುದು ವಾಶ್. ತೆಳುಮಾಡಿದ ಗಾಢ ಬೂದು ಅಥವಾ ಕಂದು ಎನಾಮೆಲ್ ಬಣ್ಣವನ್ನು ಕುಂಚದ ತುದಿಯಿಂದ ಫಲಕಗಳು ಕೂಡುವ ಪ್ಯಾನೆಲ್ ಗೆರೆಗೆ ಮುಟ್ಟಿಸಿದರೆ ಅದು ತಾನೇ ಗೆರೆಯುದ್ದಕ್ಕೂ ಹರಿಯುತ್ತದೆ. ಆರಿದ ಮೇಲೆ ಉಳಿದದ್ದನ್ನು ಗಾಳಿ ಹರಿಯುವ ದಿಕ್ಕಿನಲ್ಲಿ, ಅಂದರೆ ಮೂತಿಯಿಂದ ಬಾಲಕ್ಕೆ, ಒರೆಸುತ್ತಾರೆ. ನೋಡಲು ಹಿತವಾದ ಕ್ಷಣ ಇದು. ಬೋಳು ಪ್ಲಾಸ್ಟಿಕ್ಕಿಗೆ ಇದ್ದಕ್ಕಿದ್ದಂತೆ ಕಳೆ ಬರುತ್ತದೆ. ಮಿತಿಮೀರುವುದೂ ಇಲ್ಲಿಂದಲೇ. ಕಿಟ್‌ನ ಗೆರೆ 0.2 ಮಿಲಿಮೀಟರ್ ಅಗಲವಿದ್ದರೆ 1:72ರ ಲೆಕ್ಕದಲ್ಲಿ ನಿಜ ವಿಮಾನದಲ್ಲಿ ಅದು ಹದಿನಾಲ್ಕು ಮಿಲಿಮೀಟರಿನ ಬಿರುಕು. ಅಂಥ ಬಿರುಕಿರುವ ವಿಮಾನವನ್ನು ಯಾವ ಪೈಲಟ್ ಹತ್ತಿಯಾನು? ಕಣ್ಣಿನ ಸೂಕ್ಷ್ಮತೆಯ ಮಿತಿಯಾದ ಒಂದು ಕೋನ-ನಿಮಿಷವನ್ನು ಹಿಡಿದರೆ 21.6 ಮೀಟರಿನಿಂದ ಆರು ಮಿಲಿಮೀಟರಿಗಿಂತ ಸಣ್ಣ ವಿವರವನ್ನು ಬಿಡಿಸಿ ನೋಡುವುದೇ ಕಷ್ಟ. ನಿಜ ವಿಮಾನದಲ್ಲಿ ನಮಗೆ ಕಾಣುವುದು ಬಹುಪಾಲು ಗೆರೆಯಲ್ಲ, ಗೆರೆಯ ಆಚೀಚೆ ಹರಡಿದ ಜಿಡ್ಡು ಮತ್ತು ಮರುಬಳಿದ ಬಣ್ಣ. ಹಾಗಾಗಿ ತಿಳಿಬೂದಿನ ಜೆಟ್ಟಿಗೆ ಕರಿ ವಾಶ್ ಸಲ್ಲದು. ಮೈಬಣ್ಣಕ್ಕಿಂತ ಎರಡು ಮೆಟ್ಟಿಲು ಗಾಢವಾದ ಬೂದು ಸಾಕು.

ಪ್ಯಾನೆಲ್ ಗೆರೆಗಳ ಗುಂಟ ಮೊದಲೇ ಕಪ್ಪು ಹೊಡೆದು ಅದು ಮೇಲಿನ ಬಣ್ಣದಡಿಯಿಂದ ಇಣುಕುವಂತೆ ಮಾಡುವ ಪ್ರೀ-ಶೇಡಿಂಗ್ ಪದ್ಧತಿಗೂ ಇದೇ ಮಾತು. ಕೈ ಹಗುರವಾಗಿದ್ದರೆ ಚೆನ್ನ. ಎಲ್ಲ ಫಲಕಕ್ಕೂ ಒಂದೇ ಸಮ ಅಂಚು ಕಟ್ಟಿದರೆ ವಿಮಾನ ಹೋಗಿ ಕೌದಿಯಾಗುತ್ತದೆ. ಈಚೆಗೆ ಹಲವರು ಇಡೀ ಮೈಗೆ ಕಪ್ಪು ಹೊಡೆದು, ಅದರ ಮೇಲೆ ಮೈಬಣ್ಣವನ್ನು ಸಣ್ಣ ಸಣ್ಣ ಗೀಚುಗಳಂತೆ ಎತ್ತಂದರತ್ತ ತುಂಬಿ, ಕೊನೆಗೆ ತೆಳುಪದರದಿಂದ ಎಲ್ಲವನ್ನೂ ಒಂದು ಮಾಡುವ ಮಾರ್ಗ ಹಿಡಿದಿದ್ದಾರೆ. ನಿಜ ಬಣ್ಣ ಕಂದುವುದು ಹೀಗೆಯೇ, ಗೆರೆಗಳ ಹಂಗಿಲ್ಲದೆ.

ಕಲೆಗಳ ಕಾರಣ

ಕಂದುವಿಕೆ ಮೇಲ್ಮುಖದ್ದು. ರೆಕ್ಕೆಯ ಮೇಲ್ಭಾಗ, ಬೆನ್ನು ಬಿಸಿಲಿಗೆ ಸಿಕ್ಕಿ ತಿಳಿಯಾಗುತ್ತವೆ. ಹೊಟ್ಟೆ ಮೂಲ ಬಣ್ಣದಲ್ಲೇ ಉಳಿದು ಬೇರೆ ಬಗೆಯ ಕೊಳೆ ತುಂಬಿಕೊಳ್ಳುತ್ತದೆ. ಬಿಚ್ಚಿ ಹಾಕುವ ಫಲಕಗಳು, ಇಂಧನದ ಹೊರಟ್ಯಾಂಕುಗಳು ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುವುದರಿಂದ ಒಡಲಿನ ಬೂದಿಗೂ ಟ್ಯಾಂಕಿನ ಬೂದಿಗೂ ತಾಳೆಯಾಗಬೇಕಿಲ್ಲ. ಮಾದರಿಯಲ್ಲಿ ಇದನ್ನು ತೋರಿಸಲು ತೈಲವರ್ಣದ ಬಿಳಿ, ಹಳದಿ, ನೀಲಿ ಚುಕ್ಕಿಗಳನ್ನಿಟ್ಟು ಟರ್ಪೆಂಟೈನಿನಲ್ಲಿ ತೊಯ್ದ ಕುಂಚದಿಂದ ಎಳೆದು ಕಾಣದಂತೆ ಬೆರೆಸುತ್ತಾರೆ. ಒದ್ದೆ ಮೈಮೇಲೆ ಕಲ್ಲುಪ್ಪು ಉದುರಿಸಿ, ಆರಿಸಿ, ಮೇಲೆ ತಿಳಿ ಬಣ್ಣ ಹೊಡೆದು ಉಪ್ಪನ್ನು ಉಜ್ಜಿ ತೆಗೆಯುವ ಉಪಾಯವೂ ಇದೆ. ಉಳಿಯುವ ಮಚ್ಚೆಗಳನ್ನು ಕೈಯಿಂದ ಬರೆಯಲು ಬಾರದು, ಅಷ್ಟು ಸಹಜ.

ಅಮೆರಿಕದ ನೌಕಾಪಡೆಯ ಜೆಟ್‌ಗಳು ವೆದರಿಂಗ್ ಪ್ರಿಯರ ಹಬ್ಬ. 1955ರ ನಂತರ ಅವು ಹೊಳೆಯುವ ತಿಳಿಬೂದು ಮತ್ತು ಬಿಳಿಯಲ್ಲಿದ್ದವು, ಕೊಳೆ ಒರೆಸಿದರೆ ಹೋಗುತ್ತಿತ್ತು. 1980ರ ದಶಕದ ಹೊತ್ತಿಗೆ ಬಂದ ಮಂಕು ಬೂದಿನ ಮೈ ಬೆರಳಚ್ಚನ್ನೂ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಕಡಲ ಉಪ್ಪಿನಿಂದ ಲೋಹ ತಿನ್ನಿಸಿಕೊಳ್ಳುವುದನ್ನು ತಡೆಯಲು ನೌಕೆಯ ಸಿಬ್ಬಂದಿ ಕಂಡಕಂಡಲ್ಲಿ ಕೆರೆದು, ಕೈಗೆ ಸಿಕ್ಕ ಬೂದನ್ನು ಸಣ್ಣ ಚೌಕಗಳಾಗಿ ಹೊಡೆಯುತ್ತಾರೆ. ಕೆಲವು ತಿಂಗಳಲ್ಲಿ ವಿಮಾನ ತೇಪೆಯ ಅಂಗಿಯಾಗುತ್ತದೆ. ಕಾರವಾರದ ಕಡಲಂಚಿನ ಮನೆಗಳ ಕಿಟಕಿ ಸರಳನ್ನು ನೋಡಿದವರಿಗೆ ಉಪ್ಪುಗಾಳಿಯ ಹಲ್ಲು ಎಂಥದೆಂದು ಹೇಳಬೇಕಿಲ್ಲ. ಮಿಗ್-29ಕೆ ಹಾರಿಸುವ ವಿಕ್ರಮಾದಿತ್ಯ ನೌಕೆಯ ನೆಲೆಯೂ ಅದೇ ಊರು.

ಸವೆತಕ್ಕೆ ಜಾಗ ಗೊತ್ತಾಗಿರಬೇಕು. ಹಿಂದೆ ಮುಂದೆ ಮಡಚುವ ರೆಕ್ಕೆಯ ಎಫ್-14 ಮತ್ತು ಟೊರ್ನೇಡೊಗಳಲ್ಲಿ ರೆಕ್ಕೆ ಒಡಲಿನೊಳಗೆ ಜಾರುವಾಗ ಉಜ್ಜಿ ಬಿಲ್ಲಿನಾಕಾರದ ಗೆರೆಗಳು ಮೂಡುತ್ತವೆ. ಗಾಳಿಯಲ್ಲಿ ಇಂಧನ ತುಂಬಿಸಿಕೊಳ್ಳುವ ಎಫ್-15, ಎಫ್-16ಗಳ ಮೇಲ್ಮೈಯ ರಂಧ್ರದ ಸುತ್ತ ಟ್ಯಾಂಕರ್‌ನ ಕೊಳವೆ ತಾಗಿದ ಗೀರುಗಳಿರುತ್ತವೆ. ಮೆಕ್ಯಾನಿಕ್‌ಗಳು ನಡೆದಾಡುವ ರೆಕ್ಕೆಯ ಬುಡ ಬೂಟಿನ ಮಣ್ಣಿನಿಂದ ಮಾಸಿರುತ್ತದೆ. ಇವನ್ನು ಬಿಟ್ಟು ಅಂಚು ಅಂಚಿಗೂ ಬೆಳ್ಳಿ ಬಣ್ಣದ ಚುಕ್ಕಿ ಇಡುವವರು ಮಹಾಯುದ್ಧದ ಜಪಾನಿ ವಿಮಾನವನ್ನು ನೆನೆಯುತ್ತಿದ್ದಾರೆ. ಈಗಿನ ಪಾಲಿಯುರೆಥೇನ್ ಬಣ್ಣ ಹಾಗೆ ಹಕ್ಕಳೆ ಏಳುವುದಿಲ್ಲ.

ಜಿಡ್ಡು ಹೊಟ್ಟೆಯದು. ಹೈಡ್ರಾಲಿಕ್ ಎಣ್ಣೆ ಚಕ್ರದ ಗೂಡು, ರೆಕ್ಕೆಯ ಕೀಲುಗಳಿಂದ ಸೋರಿ, ಹಾರುವಾಗ ಗಾಳಿಗೆ ಹಿಂದಕ್ಕೆ ಎಳೆಯುತ್ತದೆ, ನಿಂತಾಗ ನೆಲದ ಕಡೆ ಇಳಿಯುತ್ತದೆ. ಬಾಲರೆಕ್ಕೆಯ ಮೇಲೆ ಒಂದೇ ಕಲೆ ಎರಡು ದಿಕ್ಕಿಗೆ ತಿರುಗಿದ್ದರೆ ಅದು ತಪ್ಪಲ್ಲ, ದಿನಚರಿ. ಇದಕ್ಕೆ ತೈಲವರ್ಣದ ಕಂದನ್ನು ಕೂದಲೆಳೆಯಷ್ಟು ಎಳೆದು, ಮಂಕು ವಾರ್ನಿಶ್ ಆದ ಮೇಲೂ ಒಂದೆರಡು ಕಡೆ ತುಸು ಹೊಳಪು ಉಳಿಸುತ್ತಾರೆ. ಒದ್ದೆ ಎಣ್ಣೆ ಹೊಳೆಯಲೇಬೇಕಲ್ಲ.

ಮಸಿ ಬೆಂಕಿಯಿರುವಲ್ಲಿ ಮಾತ್ರ. ಎಫ್/ಎ-18ರ ಮೂತಿಯ ಮೇಲ್ಗಡೆ, ಎಫ್-16ರ ಎಡ ಪಕ್ಕೆ, ಎ-10ರ ಮೂತಿಯಡಿ ಫಿರಂಗಿಯ ಹೊಗೆ ಕಪ್ಪು ಬಳಿಯುತ್ತದೆ. ಟೊರ್ನೇಡೊ ಇಳಿಯುವಾಗ ಎಂಜಿನ್ನಿನ ಬಿರುಸನ್ನು ಮುಂದಕ್ಕೆ ತಿರುಗಿಸಿ ಬ್ರೇಕು ಹಾಕುವುದರಿಂದ ಅದರ ಬಾಲರೆಕ್ಕೆಯ ಬುಡವೆಲ್ಲ ಹೊಗೆಗೂಡು. 1991ರ ಕೊಲ್ಲಿ ಯುದ್ಧದಲ್ಲಿ ಬ್ರಿಟಿಷ್ ಟೊರ್ನೇಡೊಗಳಿಗೆ ತೊಳೆದರೆ ಹೋಗುವಂಥ ಮರಳುಗೆಂಪು ಬಣ್ಣ ಬಳಿದಿದ್ದರು. ಕೆಲವೇ ವಾರಗಳಲ್ಲಿ ಅದು ಸವೆದು ಅಡಿಯ ಹಸಿರು-ಬೂದು ಇಣುಕಿತು, ಬಾಲ ಕಪ್ಪಾಯಿತು. ಮೂರು ಬಗೆಯ ಮಾಸಲು ಒಂದೇ ವಿಮಾನದಲ್ಲಿ ಸಿಗುವುದರಿಂದ ಅದನ್ನು ಮಾಡಿ ದಣಿಯದವರಿದ್ದಾರೆ.

ಶಾಖದ ಬಣ್ಣ ಇವೆಲ್ಲಕ್ಕಿಂತ ಬೇರೆ. ಬುಲೆಟ್ ಬೈಕಿನ ಸೈಲೆನ್ಸರ್ ಎಂಜಿನ್ ಬಳಿ ಬಾಗುವಲ್ಲಿ ಹೊನ್ನು, ನೇರಳೆ, ನೀಲಿ ಪಟ್ಟೆ ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಅದು ಕೊಳೆಯಲ್ಲ. ಕಾದ ಲೋಹದ ಮೇಲೆ ಬೆಳೆಯುವ ಆಕ್ಸೈಡ್ ಪೊರೆಯ ದಪ್ಪಕ್ಕೆ ತಕ್ಕಂತೆ ಬೆಳಕು ಬೇರೆ ಬೇರೆ ಬಣ್ಣ ತೋರುತ್ತದೆ. ಎಫ್-100ರ ಹಿಂಬದಿ, ಫ್ಯಾಂಟಮ್‌ನ ಬಾಲದಡಿಯ ಬರಿಲೋಹ, ಸುಖೋಯ್‌ಗಳ ಎಂಜಿನ್ ಸುತ್ತಲಿನ ಹೊದಿಕೆ ಎಲ್ಲವೂ ಹೀಗೆ ಬಣ್ಣ ತಿರುಗಿದವು. ಉಕ್ಕಿನ ಬಣ್ಣದ ಮೇಲೆ ಪಾರದರ್ಶಕ ಕಿತ್ತಳೆ, ಆಮೇಲೆ ನೀಲಿ, ಮಧ್ಯೆ ಇವೆರಡೂ ಬೆರೆತು ನೇರಳೆ. ಹೊಡೆದದ್ದು ಕಂಡೂ ಕಾಣದಂತಿರಬೇಕು. ನಾಜಲ್‌ನ ಒಳಕ್ಕೆ ಇಣುಕಿದರೆ ಕೆಲವು ಎಂಜಿನ್‌ಗಳಲ್ಲಿ ಕಪ್ಪಿನ ಬದಲು ಶಾಖ ತಡೆಯುವ ಸೆರಾಮಿಕ್ಕಿನ ಬಿಳಿ ಕಾಣುತ್ತದೆ. ಹೊಸಬರು ಅಲ್ಲಿ ಕಪ್ಪು ಬಳಿದು ಸಿಕ್ಕಿಬೀಳುತ್ತಾರೆ.

ವಿಮಾನಕ್ಕೆ ತುಕ್ಕು ಹಿಡಿಯುವುದಿಲ್ಲ, ಅಲ್ಯೂಮಿನಿಯಂ ಕೆಂಪಾಗುವುದಿಲ್ಲ ಎಂಬುದು ಹಿರಿಯರು ಕಿರಿಯರಿಗೆ ಹೇಳುತ್ತಿದ್ದ ಮೊದಲ ಪಾಠ. ಎಫ್-35ಸಿ ಅದನ್ನೂ ಸುಳ್ಳು ಮಾಡಿತು. ವಿಮಾನವಾಹಕ ನೌಕೆಯ ಮೇಲೆ ತಿಂಗಳುಗಟ್ಟಲೆ ಕಳೆದ ಈ ವಿಮಾನಗಳ ಫೋಟೋಗಳಲ್ಲಿ ಬೂದು ಮೈಯ ಮೇಲೆ ಕೆಮ್ಮಣ್ಣಿನಂಥ ಕಲೆಗಳು ಕಂಡಾಗ ಎಷ್ಟೋ ಮಾಡೆಲರ್‌ಗಳು ಟ್ಯಾಂಕಿಗೆಂದು ಎತ್ತಿಟ್ಟಿದ್ದ ತುಕ್ಕಿನ ಸೀಸೆ ಹುಡುಕಿದರು.

ಭಾರತೀಯ ವಿಮಾನಗಳು

ಭಾರತೀಯ ವಿಷಯಕ್ಕೆ ಬಂದರೆ ಬೆಂಗಳೂರು ತಪ್ಪುವುದಿಲ್ಲ. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ಎಚ್‌ಎಎಲ್ ರೂಪಿಸಿದ ಎಚ್‌ಎಫ್-24 ಮರುತ್ 1961ರ ಜೂನ್ 17ರಂದು ಇಲ್ಲಿ ಮೊದಲು ಹಾರಿತು. ಒಟ್ಟು 147 ತಯಾರಾದವು. ದೊಡ್ಡ ಕಂಪನಿಗಳ ಕಿಟ್ ಪಟ್ಟಿಯಲ್ಲಿ ಅದು ಕಾಣುವುದು ಅಪರೂಪವಾದ್ದರಿಂದ ಮರುತ್ ಕಟ್ಟುವುದೇ ಒಂದು ಛಲ. ಆಧಾರಕ್ಕೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗಳಿಗೆ ಹೋಗಿ ಅಳತೆ, ರಿವೆಟ್ ಸಾಲು, ಚಕ್ರದ ಗೂಡಿನ ಒಳಗನ್ನು ನೋಡಿಕೊಳ್ಳಬಹುದು. ಬಣ್ಣಕ್ಕೆ ಮಾತ್ರ ಮ್ಯೂಸಿಯಂ ವಿಮಾನವನ್ನು ನಂಬಬಾರದು. ಪ್ರದರ್ಶನಕ್ಕೆ ನಿಂತ ವಿಮಾನದ ಬಣ್ಣ ಆಮೇಲೆ ಬಳಿದದ್ದಿರಬಹುದು, ಅದರ ಕಲೆ ನಿಂತಲ್ಲೇ ನಿಂತು ಮಳೆಗೆ ನೆನೆದದ್ದರಿಂದ ಬಂದದ್ದು. 1971ರಲ್ಲಿ ಜೋಧಪುರ, ಉತ್ತರಲಾಯಿಯಿಂದ ಹಾರಿದ ಮರುತ್ ಬೇಕೆಂದರೆ ಚಕ್ರ, ಕಾಲು, ಹೊಟ್ಟೆಗೆ ಥಾರ್ ಮರುಭೂಮಿಯ ಬಿಳಿಚು ಧೂಳನ್ನು ಪುಡಿಬಣ್ಣದಲ್ಲಿ ತಟ್ಟಬೇಕು, ಬೆನ್ನಿಗೆ ಬಿಸಿಲು.

1963ರಲ್ಲಿ ಬಂದು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಂಡ ಮಿಗ್-21 ಈ ಕಲೆಯ ಇಡೀ ಪಠ್ಯಕ್ರಮವನ್ನು ಒಂದೇ ವಿಮಾನದಲ್ಲಿ ಇಟ್ಟುಕೊಂಡಿದೆ: ಮೊದಲು ಬರಿಲೋಹ, 1971ರ ಯುದ್ಧದ ಹೊತ್ತಿಗೆ ಅದರ ಮೇಲೆ ತರಾತುರಿಯ ಮರೆಬಣ್ಣ, ಕೊನೆಗಾಲದಲ್ಲಿ ಬೂದು. ತರಾತುರಿಯಲ್ಲಿ ಲೋಹದ ಮೇಲೆ ಬಳಿದ ಬಣ್ಣ ಸವೆದರೆ ಅಡಿಯಲ್ಲಿ ಬೆಳ್ಳಿ ಕಾಣುವುದು ನ್ಯಾಯ. ಇಲ್ಲಿ ಬೆಳ್ಳಿ ಚುಕ್ಕಿಗೆ ಪರವಾನಗಿ ಇದೆ. ಕಾಕ್‌ಪಿಟ್ಟಿನ ಒಳಗೆ ಸೋವಿಯತ್ ವಿಮಾನಗಳ ಆ ಹಸಿರುನೀಲಿ ಬಣ್ಣ ಬೇರೆ.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್‌ಗೆ ಈ ಪರವಾನಗಿ ಇಲ್ಲ. ಅದರ ಹೊರಮೈಯ ಬಹುಪಾಲು ಕಾರ್ಬನ್ ನಾರಿನ ಕಾಂಪೊಸಿಟ್. ಚೌಕಟ್ಟಿನ ತೂಕದಲ್ಲೂ ಅದರ ಪಾಲು ಸುಮಾರು 45%. ಬಣ್ಣ ಕಿತ್ತರೆ ಅಡಿಯಲ್ಲಿ ಹೊಳೆಯಲು ಅಲ್ಯೂಮಿನಿಯಮ್ಮೇ ಇಲ್ಲ. ಹೊದಿಕೆ ದೊಡ್ಡ ದೊಡ್ಡ ಹಾಳೆಗಳಾದ್ದರಿಂದ ರಿವೆಟ್ ಸಾಲುಗಳೂ ವಿರಳ. ಕಾಂಪೊಸಿಟ್ ಜೆಟ್ಟಿನ ಬೂದು ನುಣ್ಣಗಿರಬೇಕು. ಕೊಳೆ ಬಾಗಿಲುಗಳ ಅಂಚು, ಕೀಲು, ನಾಜಲ್‌ನ ಸುತ್ತ ಮಾತ್ರ. ಯಲಹಂಕದ ಏರೋ ಇಂಡಿಯಾದಲ್ಲಿ ತೆಗೆದ ಫೋಟೋಗಳನ್ನು ಆಧಾರವಾಗಿಟ್ಟುಕೊಳ್ಳುವವರು ಅಲ್ಲಿಗೆ ಬರುವ ವಿಮಾನ ತೊಳೆದು ಒರೆಸಿ ಮದುವೆಗೆ ಹೊರಟಂತೆ ಬಂದಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಬೀದರಿನಲ್ಲಿ 1996ರಲ್ಲಿ ಹುಟ್ಟಿದ ಸೂರ್ಯಕಿರಣ ತಂಡದ ವಿಮಾನಗಳಿಗೆ ವೆದರಿಂಗೇ ಬೇಡ. ಮೊದಲು ಕಿರಣ್, ಈಗ ಕೆಂಪು-ಬಿಳಿಯ ಹಾಕ್, ಮೈಯೆಲ್ಲ ಕನ್ನಡಿ. ಬಿಳಿಯನ್ನು ಮೊದಲು, ಕೆಂಪನ್ನು ಆಮೇಲೆ ಹೊಡೆಯಬೇಕು, ಇಲ್ಲವಾದರೆ ಕೆಂಪು ಬಿಳಿಯಡಿಯಿಂದ ಗುಲಾಬಿಯಾಗಿ ಒಸರುತ್ತದೆ. ಕೊಳೆಯಿಲ್ಲದ ಮೈಯಲ್ಲಿ ಒಂದು ಧೂಳಿನ ಕಣವೂ ಅಡಗುವುದಿಲ್ಲವಾದ್ದರಿಂದ ಅನುಭವಿಗಳು ಇದನ್ನು ಎಲ್ಲಕ್ಕಿಂತ ಕಷ್ಟದ್ದೆನ್ನುತ್ತಾರೆ.

ಅತಿಶಯದ ಪ್ರಶ್ನೆ

ಎಷ್ಟು ಕೊಳೆ ಸರಿ ಎಂಬ ವಾದ ಇನ್ನೂ ಮುಗಿದಿಲ್ಲ. ಅಂಗೈಯಷ್ಟರ ವಸ್ತುವಿಗೆ ನಿಜ ವಿಮಾನದ ಘನತೆ ಬರಬೇಕಾದರೆ ನೆರಳು ಬೆಳಕನ್ನು ಹೆಚ್ಚಿಸಲೇಬೇಕು, ಯಕ್ಷಗಾನದ ಬಣ್ಣಗಾರಿಕೆ ದೂರದ ಪ್ರೇಕ್ಷಕನಿಗಾಗಿ ಮುಖವನ್ನು ಹಿಗ್ಗಿಸುವ ಹಾಗೆ, ಎನ್ನುವುದು ಒಂದು ಪಕ್ಷ. ಫೋಟೋದಲ್ಲಿ ಇಲ್ಲದ್ದನ್ನು ಮಾಡಬಾರದು ಎನ್ನುವುದು ಇನ್ನೊಂದು. ಎರಡನೆಯವರಿಗೂ ಒಂದು ತೊಡಕಿದೆ: ಒಂದೇ ವಿಮಾನ ರಿಪೇರಿಯಾಗಿ ಬಂದ ವಾರ ಹೊಸದು, ಆರು ತಿಂಗಳಿಗೆ ತೇಪೆ. ಫೋಟೋಕ್ಕೆ ತಾರೀಖು ಇಲ್ಲದಿದ್ದರೆ ಅದರ ಸಾಕ್ಷ್ಯಕ್ಕೆ ತೂಕವಿಲ್ಲ. ಯಾವ ಸಂಖ್ಯೆಯ ವಿಮಾನ, ಯಾವ ನೆಲೆ, ಯಾವ ತಿಂಗಳು ಎಂದು ಮೊದಲೇ ಗೊತ್ತುಮಾಡಿಕೊಂಡು ಕೂತವರ ಕೈ ಸಾಮಾನ್ಯವಾಗಿ ಅತಿಗೆ ಹೋಗುವುದಿಲ್ಲ.

ಎಲ್ಲ ಮುಗಿದ ಮೇಲೆ ಮಂಕು ವಾರ್ನಿಶ್ಶಿನ ಒಂದು ತೆಳುಪದರ. ಡಿಕಾಲಿನ ಅಂಚು, ವಾಶ್, ತೈಲದ ಕಲೆ ಎಲ್ಲವೂ ಆಗ ಒಂದೇ ಮೈಗೆ ಸೇರುತ್ತವೆ. ಕೊನೆಯ ಕೆಲಸ ಕಾಕ್‌ಪಿಟ್ಟಿನ ಮೇಲಿನ ಪಾರದರ್ಶಕ ಮುಚ್ಚಳವಾದ ಕ್ಯಾನಪಿಯ ಮರೆಪಟ್ಟಿಯನ್ನು ಚಿಮಟದಿಂದ ಸುಲಿಯುವುದು. ಅದರ ಗಾಜಿಗೆ ಏನನ್ನೂ ಹಚ್ಚುವುದಿಲ್ಲ, ಮೈ ಎಷ್ಟೇ ಕೊಳಕಾಗಿರಲಿ. ನಿಜ ವಿಮಾನದಲ್ಲೂ ನೆಲದ ಸಿಬ್ಬಂದಿ ಹಾರಾಟಕ್ಕೆ ಮುಂಚೆ ಅದನ್ನು ತಪ್ಪದೆ ಒರೆಸುತ್ತಾರೆ. ಗಾಜಿನ ಮೇಲಿನ ಒಂದು ಚುಕ್ಕೆ ಪೈಲಟ್‌ನ ಕಣ್ಣಿಗೆ ದೂರದಲ್ಲಿ ಬರುತ್ತಿರುವ ಇನ್ನೊಂದು ವಿಮಾನದಂತೆ ಕಾಣಬಹುದು.